ನೀರುಳ್ಳಿ ಸಿಪ್ಪೆಯ ಕಷಾಯ

ಲಾಯಿಲದ ಅಬ್ದುಲ್ ಶುಕೂರರ ಮನೆಯಲ್ಲಿ ಊಟದ ಮೇಜಿಗೂ ಬಾತ್‌ರೂಮಿಗೂ ನಡುವೆ ಇರುವುದು ಒಂದು ಗೋಡೆ ಮತ್ತು ಒಂದು ಫ್ರಿಜ್ಜು. ಮನೆ ಕಟ್ಟಿಸುವಾಗ ಶುಕೂರರಿಗೆ ಅದು ಅನುಕೂಲವೆಂದು ಕಂಡಿತ್ತು. ಕೈತೊಳೆಯಲು ನೆಂಟರು ದೂರ ಹೋಗಬೇಕಾಗಿಲ್ಲ. ಅವರ ಅಳಿಯ ಉನೈಸ್ ಮಾತ್ರ ಆ ಗೋಡೆಯ ದಪ್ಪದ ಬಗ್ಗೆ ಬಹಳ ಯೋಚಿಸಿದ್ದ. ಆ ಮನೆಗೆ ಬಂದಾಗಲೆಲ್ಲ ಫ್ರಿಜ್ಜು ಗುರುಗುಟ್ಟಲು ಶುರುಮಾಡುವುದನ್ನು ಕಾದು ಕೂರುತ್ತಿದ್ದ. ಅದು ಗುರುಗುಟ್ಟುವಾಗ ಒಳಗಿನ ಸದ್ದು ಹೊರಗೆ ಕೇಳಿಸಲಾರದು ಎಂಬುದು ಅವನ ನಂಬಿಕೆ.

ಬ್ಯಾರಿಗಳ ಮನೆಗಳಲ್ಲಿ ಹೊಸ ಅಳಿಯನಿಗೆ ಪುದಿಯಾಪ್ಳೆ ಎಂಬ ಪದವಿಯುಂಟು. ಮದುವೆಯಾಗಿ ಎಷ್ಟೋ ತಿಂಗಳು ಕಳೆದರೂ ಅವನು ಹೊಸಬನೇ. ಹೆಂಡತಿಯ ಕಡೆಯ ಪ್ರತಿಯೊಂದು ಮನೆಯೂ ಅವನನ್ನು ಕರೆಸಿ ಉಣಿಸಬೇಕು, ಅವನು ಉಣ್ಣಬೇಕು. ಬಿರಿಯಾನಿಯ ಮೇಲೆ ಕೋಳಿ, ಕೋಳಿಯ ಮೇಲೆ ತುಪ್ಪದ ರೊಟ್ಟಿ, ಅದರ ಮೇಲೆ ಅತ್ತೆಯ ಕಣ್ಣು. ಒಂದು ಸಲ ಬೇಡ ಎಂದರೆ ಅಡುಗೆ ಚೆನ್ನಾಗಿಲ್ಲ ಎಂದರ್ಥ. ಎರಡನೆಯ ಸಲವೂ ಬೇಡ ಎಂದರೆ ಹುಡುಗಿ ಚೆನ್ನಾಗಿಲ್ಲ ಎಂದರ್ಥ.

ಉನೈಸನ ದೊಡ್ಡ ಕರುಳಿನಲ್ಲಿ ಹುಣ್ಣಿತ್ತು. ಹೊರಗಿನಿಂದ ಬಂದದ್ದಲ್ಲ, ದೇಹ ತನ್ನ ಕರುಳಿನ ಮೇಲೆ ತಾನೇ ದಂಡೆತ್ತಿ ಹೋಗುವ ಬಗೆಯದು. ಓದುವ ಕಾಲದಲ್ಲೇ ಹಿಡಿದಿತ್ತು. ಕೆರಳಿದರೆ ರಕ್ತ, ತಣ್ಣಗಿದ್ದರೂ ಬಾತ್‌ರೂಮಿಗೆ ಓಟ. ಮಾತ್ರೆ ತಪ್ಪಿಸದಿದ್ದರೆ ಬದುಕು ನಡೆಯುತ್ತಿತ್ತು. ಹುಡುಗಿ ನೋಡುವ ಹೊತ್ತಿಗೆ ಅವನು ಬಂಟ್ವಾಳದ ತನ್ನ ಮನೆಯಲ್ಲಿ ವಿಷಯ ತೆಗೆದಾಗ ತಾಯಿ, "ಹೊಟ್ಟೆನೋವು ಯಾರಿಗಿಲ್ಲ? ಅದನ್ನೆಲ್ಲ ಹುಡುಗಿಯ ಮನೆಯಲ್ಲಿ ಹೇಳಿಕೊಂಡು ಬರುವುದಾ?" ಎಂದಿದ್ದರು. ಅವನಿಗೂ ಅಷ್ಟೇ ಬೇಕಾಗಿತ್ತು. ಹೃದಯದ ಕಾಯಿಲೆಯವನು ಎದೆಯ ಮೇಲೆ ಕೈಯಿಟ್ಟುಕೊಂಡರೆ ಜನ ಎದ್ದು ಕುರ್ಚಿ ಕೊಡುತ್ತಾರೆ. ಈ ಕಾಯಿಲೆಗೆ ಕೈಯಿಟ್ಟುಕೊಳ್ಳಲು ಮರ್ಯಾದೆಯ ಜಾಗವೇ ಇಲ್ಲ.

ಹಾಗಾಗಿ ಮಾತ್ರೆಗಳು ವಿಟಮಿನ್ ಡಬ್ಬಿಯೊಳಗೆ ಸೇರಿದವು. ಮೂಡುಬಿದಿರೆಯ ಬಾಡಿಗೆ ಮನೆಯಲ್ಲಿ ಹೆಂಡತಿ ಸಜ್ನಾ ಒಮ್ಮೆ ಡಬ್ಬಿ ಅಲ್ಲಾಡಿಸಿ, "ಇದರಿಂದ ಕೂದಲು ಉದುರುವುದು ನಿಲ್ತದಾ?" ಎಂದು ಕೇಳಿದ್ದಳು. ಉತ್ತರ ಪತ್ರಿಕೆ ತಿದ್ದುತ್ತಿದ್ದ ಅವನು ತಲೆಯೆತ್ತದೆ, "ನಿಲ್ತದೆ ಅಂತಾರೆ" ಎಂದಿದ್ದ. ಶುಕ್ರವಾರದ ನಮಾಝಿಗೆ ಲಾಯಿಲದಲ್ಲಿದ್ದರೆ ಅವನು ನಿಲ್ಲುತ್ತಿದ್ದುದು ಬಾಗಿಲ ಪಕ್ಕದ ಕೊನೆಯ ಸಾಲಿನಲ್ಲಿ. ಇಷ್ಟು ಓದಿಯೂ ಎಷ್ಟು ವಿನಯ ಎಂದು ಶುಕೂರರು ಊರಿಗೆಲ್ಲ ಹೇಳಿದ್ದರು.

ಓದಿದ್ದು ಹೌದು. ಉನೈಸ್ ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಜೈವಿಕ ತಂತ್ರಜ್ಞಾನದ ಉಪನ್ಯಾಸಕ. ಸಂಶೋಧನೆ ಮಾಡಿ ಡಾಕ್ಟರ್ ಆದವನು. ಗಿಡಗಳಲ್ಲಿರುವ ಫ್ಲೇವನಾಯ್ಡ್ ಎಂಬ ವಸ್ತುಗಳು ಕರುಳಿನ ಉರಿಯನ್ನು ತಗ್ಗಿಸುತ್ತವೆಯೇ ಎಂಬುದು ಅವನ ವಿಷಯ. ನೀರುಳ್ಳಿಯ ಹೊರಸಿಪ್ಪೆಯಲ್ಲಿ ಅಂಥದ್ದೊಂದು ಧಾರಾಳವಾಗಿದೆ. ಕರುಳಿನ ಬ್ಯಾಕ್ಟೀರಿಯಗಳು ಅದನ್ನು ಒಡೆದು ಚೂರು ಮಾಡುತ್ತವೆ, ಆ ಚೂರುಗಳಲ್ಲಿ ಕೆಲವು ಉರಿ ಶಮನ ಮಾಡುವಂತೆ ಕಾಣುತ್ತವೆ. ಕಾಣುವುದು ಇಲಿಗಳಲ್ಲಿ. ತನ್ನ ಕಾಯಿಲೆಯ ಮೇಲೆಯೇ ಅವನು ಸಂಶೋಧನೆ ಮಾಡುತ್ತಿದ್ದಾನೆಂಬುದು ಇಲಿಗಳಿಗೂ ಗೊತ್ತಿರಲಿಲ್ಲ.

ಸುಳ್ಳು ಹುಟ್ಟಿದ್ದು ಮೇಜಿನ ಮುಂದೆ. ಆ ದಿನ ಕಾಯಿಲೆ ಕೆರಳಿತ್ತು. ಅತ್ತೆ ಸಫಿಯಮ್ಮ ಮಟನ್ನಿನ ಪಾತ್ರೆ ಹಿಡಿದು ನಿಂತಿದ್ದರು.

"ಬೇಡ ಮಾಮಿ, ಸಾಕು."

"ಎಂಥ ಸಾಕು? ಬಡಿಸಿದ್ದು ಹಾಗೇ ಉಂಟು. ಉಪ್ಪು ಜಾಸ್ತಿಯಾಯ್ತಾ?"

"ಇಲ್ಲ ಇಲ್ಲ."

"ಸಜ್ನಾ, ನಿನ್ನ ಗಂಡನಿಗೆ ನಮ್ಮ ಮನೆಯ ಅಡುಗೆ ಹಿಡಿಸುವುದಿಲ್ಲವಾ?"

ಸಜ್ನಾ ಅವನನ್ನು ನೋಡಿದಳು. ಎರಡನೆಯ 'ಬೇಡ'ದ ಅರ್ಥ ಅವಳಿಗೂ ಗೊತ್ತಿತ್ತು. ಉನೈಸನ ಬಾಯಿಂದ ಮಾತು ತಾನಾಗಿ ಹೊರಟಿತು: "ಪಥ್ಯ ಮಾಮಿ. ಮೊದಲು ಸ್ವಲ್ಪ ಅಜೀರ್ಣ ಇತ್ತು. ನಾನೇ ಕಂಡುಹಿಡಿದ ಕಷಾಯ ಕುಡಿದೆ, ಗುಣ ಆಯ್ತು. ಅದು ಕುಡಿಯುವಾಗ ಮಸಾಲೆ ತಿನ್ನಬಾರದು."

"ಎಂಥದ್ದರ ಕಷಾಯ?"

"ನೀರುಳ್ಳಿ ಸಿಪ್ಪೆಯದ್ದು."

ಮೇಜಿನ ಸುತ್ತ ಗಾಳಿ ಬದಲಾಯಿತು. ರೋಗ ಎಂದಿದ್ದರೆ ಮದುವೆಯ ದಲ್ಲಾಳಿಗೆ ಫೋನು ಹೋಗುತ್ತಿತ್ತು. ಪಥ್ಯ ಎಂದರೆ ಗೌರವ. ಸಫಿಯಮ್ಮ ಪಾತ್ರೆಯನ್ನು ಹಿಂದಕ್ಕೆ ತೆಗೆದುಕೊಂಡರು. ಶುಕೂರರ ಮುಖ ಅರಳಿತು, ಏಕೆಂದರೆ ಬೆಳ್ತಂಗಡಿಯಲ್ಲಿ ಅವರದು ನೀರುಳ್ಳಿ-ಬಟಾಟೆಯ ಸಗಟು ಅಂಗಡಿ, ಮತ್ತು ಅಲ್ಲಿ ಗೋಣಿಗಟ್ಟಲೆ ಸಿಪ್ಪೆ ಗಾಳಿಗೆ ಹಾರಿ ಪಕ್ಕದ ಅಂಗಡಿಯವರಿಂದ ಬೈಗುಳ ತರುತ್ತಿತ್ತು.

"ಅಲ್ಲ ಮಾರಾಯ್ರೆ, ಇಷ್ಟು ವರ್ಷ ನಾನು ಗುಡಿಸಿ ಬಿಸಾಡಿದ್ದು ಮದ್ದಾ?"

ಆಮೇಲಿನದು ಉನೈಸನ ಕೈಯಲ್ಲಿರಲಿಲ್ಲ. ಸಫಿಯಮ್ಮ ಅವನು ಬಂದಾಗಲೆಲ್ಲ ತಾಮ್ರದ ಬಣ್ಣದ ಕಷಾಯ ಕುದಿಸಿ ಲೋಟ ತುಂಬ ಕೊಟ್ಟರು. ಅವನು ಅದನ್ನು ಹಿಡಿದುಕೊಂಡೇ ಬಾತ್‌ರೂಮಿಗೆ ಹೋಗಿ ಬೇಸಿನ್ನಿಗೆ ಸುರಿದು ಬಂದ. ಮಾಮಿ ನೆರೆಯವರಿಗೆ ಹೇಳಿದರು. ನೆರೆಯವರು ತಮ್ಮ ಅಜೀರ್ಣ, ಮೂಲವ್ಯಾಧಿ, ಮಂಡಿನೋವುಗಳನ್ನು ತಂದರು. ಶುಕೂರರು ಒಳ್ಳೆಯ ಸಿಪ್ಪೆ ಆರಿಸಿ, ಪೊಟ್ಟಣ ಕಟ್ಟಿ, ಕೇಳಿದವರಿಗೆ ಪುಕ್ಕಟೆ ಕೊಟ್ಟರು. "ನಮ್ಮ ಪುದಿಯಾಪ್ಳೆ ಡಾಕ್ಟರ್ ಅಲ್ವಾ, ಅವರ ಸ್ವಂತ ಹೊಟ್ಟೆಯಲ್ಲೇ ಪರೀಕ್ಷೆ ಮಾಡಿದ್ದು!" ಅಂಗಡಿಯ ಮಾತು ಮಾರುಕಟ್ಟೆಯ ಮಾತಾಯಿತು. ಉನೈಸನಿಗೆ ಅದು ಗೊತ್ತಿತ್ತು. ಸಿಪ್ಪೆಯ ನೀರು ಕುಡಿದು ಯಾರೂ ಸಾಯುವುದಿಲ್ಲ ಎಂದು ಸಮಾಧಾನ ಮಾಡಿಕೊಂಡ. ಆ ಮಾತು ನಿಜವೂ ಆಗಿತ್ತು. ಸಿಪ್ಪೆಯ ನೀರು ಕುಡಿಯುವವರು ಬೇರೆ ಏನನ್ನು ಬಿಟ್ಟಿದ್ದಾರೆ ಎಂದು ಅವನು ಕೇಳಲಿಲ್ಲ, ಅಷ್ಟೆ.

ಒಂದು ಭಾನುವಾರ ಲಾಯಿಲದ ಅಂಗಳಕ್ಕೆ ಒಬ್ಬಾತ ಕದಳಿ ಬಾಳೆಗೊನೆ ಹೊತ್ತು ಬಂದ. ಶರಟು ಹಳೆಯ ಅಳತೆಯದು, ಮೈ ಹೊಸ ಅಳತೆಯದು. ಕಾಲರಿನೊಳಗೆ ಇನ್ನೊಂದು ಕುತ್ತಿಗೆ ಹಿಡಿಸುವಷ್ಟು ಜಾಗ.

"ಶುಕೂರಾಕ, ಅಳಿಯಂದಿರು ಬಂದಿದ್ದಾರಂತೆ?" ಎನ್ನುತ್ತ ಗೊನೆ ಇಳಿಸಿ ಉನೈಸನಿಗೆ ಕೈಮುಗಿದ. "ಸರ್, ನಾನು ಜತ್ತಪ್ಪ. ವೇಣೂರಿನ ಹತ್ತಿರ, ಸ್ವಲ್ಪ ರಬ್ಬರ್ ಉಂಟು. ನಿಮ್ಮ ಮಾವನ ಹಳೇ ಗಿರಾಕಿ. ನಿಮ್ಮ ಕಷಾಯ ಕುಡಿಯುತ್ತಾ ಇದ್ದೇನೆ."

"ಯಾವುದಕ್ಕೆ?"

ಜತ್ತಪ್ಪ ಹೆಂಗಸರತ್ತ ನೋಡಿ ದನಿ ತಗ್ಗಿಸಿದ. "ದೊಡ್ಡ ಕರುಳಿನ ಹುಣ್ಣು ಸರ್. ಮಂಗಳೂರಿನ ಡಾಕ್ಟ್ರು ಜೀವಮಾನ ಇಡೀ ಮಾತ್ರೆ ಅಂತ ಹೇಳಿದ್ರು. ಎಂಥ ಮಾತು ಅದು! ನಿಮ್ಮ ಸಂಗತಿ ಕೇಳಿದ ಮೇಲೆ ಮಾತ್ರೆ ಬಿಟ್ಟೆ. ಮೊದಲು ಒಳ್ಳೆದೇ ಇತ್ತು. ಈಗ ಸ್ವಲ್ಪ ರಕ್ತ ಕಾಣ್ತದೆ."

"ಅದು ಒಳಗಿನ ಕೆಟ್ಟದ್ದು ಹೊರಗೆ ಹೋಗುವುದು," ಎಂದರು ಸಫಿಯಮ್ಮ ಬಾಗಿಲ ಬಳಿಯಿಂದ, ವೈದ್ಯರ ಅತ್ತೆಯ ಧಾಟಿಯಲ್ಲಿ.

"ಇಲ್ಲ, ಮಾತ್ರೆ ಬಿಡಬಾರದು," ಎಂದ ಉನೈಸ್. "ಕಷಾಯ ಎಂಥದೇ ಇರಲಿ, ಮಾತ್ರೆ ತೆಗೊಳ್ಳಿ."

"ನೀವು ತೆಗೊಳ್ತೀರಾ ಸರ್?"

ಜತ್ತಪ್ಪ ಕುಹಕದಿಂದ ಕೇಳಿದ್ದಲ್ಲ. ಅವನಿಗೆ ಬೇಕಾದದ್ದು ಅದೊಂದೇ ಉತ್ತರ. ಶುಕೂರರು ನಗುತ್ತ ನಿಂತಿದ್ದರು. ಸಜ್ನಾ ಬಾಳೆಗೊನೆಯಿಂದ ಒಂದು ಹಣ್ಣು ಕಿತ್ತು ಸುಲಿಯುತ್ತಿದ್ದಳು. ಅಂಗಳದಲ್ಲಿ ಎಲ್ಲರೂ ಅವನ ಬಾಯಿ ನೋಡಿದರು.

"ನಾನಾ? ಇಲ್ಲ," ಎಂದ ಉನೈಸ್.

"ಅದೇ!" ಎಂದ ಜತ್ತಪ್ಪ, ಒಂದು ದೊಡ್ಡ ಭಾರ ಇಳಿಸಿದವನ ಹಾಗೆ. "ಮತ್ತೆ ನನಗೆ ಯಾಕೆ?"

ಹೌದು ಎನ್ನುವುದಕ್ಕೂ ಅಷ್ಟೇ ಉಸಿರು ಸಾಕಾಗುತ್ತಿತ್ತು. ಆ ವಾರವೆಲ್ಲ ಉನೈಸ್ ಪಾಠ ಮಾಡುತ್ತ, ಬಸ್ಸಿನಲ್ಲಿ, ಕನ್ನಡಿಯ ಮುಂದೆ ಆ 'ಹೌದು' ಹೇಳಿ ನೋಡಿದ. ಕೇಳಬೇಕಾದವನು ಅಲ್ಲಿರಲಿಲ್ಲವಾದ್ದರಿಂದ ಅದು ಸುಲಭವಾಗಿ ಬಂತು. ಡಬ್ಬಿಯಲ್ಲಿ ಮಾತ್ರೆ ತಾನು ಎಣಿಸಿದ್ದಕ್ಕಿಂತ ಕಡಿಮೆ ಇದ್ದಂತೆ ಕಂಡಿತು. ಗಾಬರಿಯಲ್ಲಿ ಹೆಚ್ಚು ನುಂಗಿರಬೇಕು ಎಂದುಕೊಂಡ.

ಫೋನು ಮಾಡಿದ್ದು ಜತ್ತಪ್ಪನ ಹೆಂಡತಿ ಪದ್ಮಾಕ್ಷಿ, ಅದೂ ಶುಕೂರರ ಅಂಗಡಿಗೆ. ಉನೈಸ್ ಆಗ ಅಲ್ಲೇ ಕುಳಿತಿದ್ದ. ಶುಕೂರರು ಸ್ಪೀಕರಿಗೆ ಹಾಕಿದರು.

"ಇವರು ಏಳುವುದಿಲ್ಲ ಶುಕೂರಾಕ. ರಕ್ತ ತುಂಬಾ ಹೋಗ್ತದೆ. ಆಸ್ಪತ್ರೆಗೆ ಹೋಗುವ ಅಂದ್ರೆ ಕೇಳುವುದಿಲ್ಲ. ಆ ಸರ್ ಮಾತ್ರೆ ಇಲ್ಲದೆ ಗುಣ ಆಗಿದ್ದಾರೆ, ನನಗೂ ಆಗ್ತದೆ ಅಂತ ಹಟ. ನಿಮ್ಮ ಅಳಿಯನನ್ನೇ ಕರ್ಕೊಂಡು ಬನ್ನಿ. ಅವರು ಹೇಳಿದ್ರೆ ಮಾತ್ರ ಕೇಳಿಯಾರು."

ಶುಕೂರರು ಪಿಕಪ್ಪಿನ ಬೀಗದ ಕೈ ತೆಗೆದುಕೊಂಡರು. "ಬನ್ನಿ. ನೀವು ಒಂದು ಮಾತು ಹೇಳಿದ್ರೆ ಆಯ್ತು."

ಆ ಒಂದು ಮಾತು ಯಾವುದೆಂದು ಉನೈಸನಿಗೆ ಗೊತ್ತಿತ್ತು. ಅದನ್ನು ಮಾವನ ಎದುರು ಹೇಳಬೇಕಾಗಿತ್ತು. ಮಾವನಿಗೆ ಗೊತ್ತಾದರೆ ಮಾಮಿಗೆ, ಮಾಮಿಗೆ ಗೊತ್ತಾದರೆ ಲಾಯಿಲಕ್ಕೆ. ಗುರುವಾಯನಕೆರೆ ದಾಟುವಾಗ ಹೊಟ್ಟೆ ತನ್ನ ಅಭಿಪ್ರಾಯ ತಿಳಿಸಿತು. ಪೆಟ್ರೋಲ್ ಪಂಪು ಹಿಂದಕ್ಕೆ ಹೋಯಿತು. ನಿಲ್ಲಿಸಿ ಎನ್ನಲು ನಾಚಿಕೆಯಾಗಿ, ಕಿಟಕಿಯ ಅಂಚು ಬಿಗಿಹಿಡಿದು ಬೆವರುತ್ತ ಕೂತ.

"ಎಂಥ ಬೆವರು ಮಾರಾಯ್ರೆ. ಹೆದರಬೇಡಿ," ಎಂದರು ಶುಕೂರರು ಪ್ರೀತಿಯಿಂದ.

ಜತ್ತಪ್ಪನ ಅಂಗಳದಲ್ಲಿ ಪಿಕಪ್ ನಿಂತದ್ದೇ ಉನೈಸ್ ಹಾರಿ ಇಳಿದ. ಎದುರು ಬಂದ ಪದ್ಮಾಕ್ಷಿಗೆ ನಮಸ್ಕಾರವನ್ನೂ ಹೇಳಲಿಲ್ಲ.

"ಅಕ್ಕ, ಬಾತ್‌ರೂಮ್ ಎಲ್ಲಿ?"

ಅವಳು ಹಿತ್ತಿಲತ್ತ ಕೈ ತೋರಿಸಿದಳು. ಬಾಗಿಲು ಹಾಕಿತ್ತು. ಉನೈಸ್ ಬಾಗಿಲ ಮುಂದೆ ಕಾಲು ಹೆಣೆದು ನಿಂತ. ಚಿಲಕ ಸರಿಯಿತು. ಗೋಡೆ ಹಿಡಿದುಕೊಂಡು ಹೊರಗೆ ಬಂದವನು ಜತ್ತಪ್ಪ. ತುಟಿ ಬಿಳಚಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಉನೈಸ್ ಅವನನ್ನು ಬಳಸಿಕೊಂಡು ಒಳಗೆ ನುಗ್ಗಿ ಬಾಗಿಲು ಹಾಕಿಕೊಂಡ. ಇಲ್ಲಿ ಫ್ರಿಜ್ಜು ಇರಲಿಲ್ಲ.

ಹೊರಬರುವಾಗ ಜತ್ತಪ್ಪ ಹಿಂದಿನ ಮೆಟ್ಟಿಲಲ್ಲಿ ಕುಳಿತಿದ್ದ. ಶುಕೂರರು ಪಕ್ಕದಲ್ಲೇ ನಿಂತಿದ್ದರು. ಪದ್ಮಾಕ್ಷಿ ನೀರಿನ ಚೊಂಬು ಹಿಡಿದಿದ್ದಳು.

"ನೀರು ಸಾಕಾಯ್ತಾ ಸರ್?" ಎಂದ ಜತ್ತಪ್ಪ.

"ಸಾಕಾಯ್ತು."

"ದಾರಿಯಲ್ಲಿ ನೀವು ಎಲ್ಲಿಗೆ ಹೋಗುವುದು? ಬಸ್ಸಲ್ಲಿ ಬರುವಾಗ?"

ಉನೈಸ್ ಮಾವನ ಕಡೆ ನೋಡಲಿಲ್ಲ. "ಪೆಟ್ರೋಲ್ ಪಂಪಿಗೆ."

"ಮಸೀದಿಗೆ ಹೋಗುವುದಿಲ್ವಾ?"

"ಅಲ್ಲಿ ಗುರುತಿನವರು ಇರ್ತಾರೆ."

"ಹಾ. ನಾನೂ ಅದಕ್ಕೇ ದೇವಸ್ಥಾನದ ಕಡೆ ಹೋಗುವುದಿಲ್ಲ." ಜತ್ತಪ್ಪ ಉಸಿರು ತೆಗೆದುಕೊಂಡ. "ಹೀಗೆ ಓಡುವವರನ್ನು ನಾನು ಬಸ್ಸಲ್ಲೇ ಗುರುತು ಹಿಡಿಯುತ್ತೇನೆ ಸರ್. ಹಾಗಾದ್ರೆ ಕಷಾಯದಿಂದ ನಿಮಗೂ ಗುಣ ಆಗ್ಲಿಲ್ಲ."

"ನಾನು ಕಷಾಯ ಕುಡಿಯುವುದೇ ಇಲ್ಲ ಜತ್ತಪ್ಪಣ್ಣ. ಮಾಮಿ ಕೊಟ್ಟದ್ದನ್ನೆಲ್ಲ ಬೇಸಿನ್ನಿಗೆ ಸುರಿದಿದ್ದೇನೆ." ಹೆಗಲ ಬ್ಯಾಗಿನಿಂದ ವಿಟಮಿನ್ ಡಬ್ಬಿ ತೆಗೆದ. ಮುಚ್ಚಳ ತೆರೆಯಲಿಲ್ಲ. ಪದ್ಮಾಕ್ಷಿ ಚೊಂಬು ಕೆಳಗಿಟ್ಟು, ಡಬ್ಬಿ ಕಿತ್ತುಕೊಂಡು ತೆರೆದಳು. ಒಂದು ಮಾತ್ರೆ ಅಂಗೈಗೆ ಸುರಿದು ಗಂಡನಿಗೆ ಹಿಡಿದಳು.

ಜತ್ತಪ್ಪನಿಗೆ ಓದುವ ಅಗತ್ಯವಿರಲಿಲ್ಲ. ಆ ಇಟ್ಟಿಗೆ ಬಣ್ಣ, ಆ ಗಾತ್ರ ಅವನಿಗೆ ಚೆನ್ನಾಗಿ ಗೊತ್ತಿತ್ತು. "ಇದೇ. ಇದನ್ನೇ ನಾನು ಬಿಟ್ಟದ್ದು."

"ಹೌದು."

"ಆ ದಿನ ನಾನು ಕೇಳಿದೆ. ಎಲ್ಲರ ಎದುರು ಕೇಳಿದೆ."

"ಹೌದು."

"ಇಲ್ಲ ಅಂದ್ರಿ."

"ಹೌದು."

"ಎಂಥ ಜನ ಮಾರಾಯ್ರೆ ನೀವು," ಎಂದ ಜತ್ತಪ್ಪ. ಬೈಯಲು ಬೇಕಾದಷ್ಟು ಶಕ್ತಿ ಅವನಲ್ಲಿರಲಿಲ್ಲ; ಅದರಿಂದ ಮಾತು ಇನ್ನೂ ಆಳಕ್ಕೆ ಇಳಿಯಿತು. ಮತ್ತೆ, "ಸಿಪ್ಪೆಯಲ್ಲಿ ಮದ್ದು ಉಂಟಾ ಇಲ್ವಾ? ಅದನ್ನಾದರೂ ಸರಿಯಾಗಿ ಹೇಳಿ," ಎಂದ.

"ಏನೋ ಉಂಟು. ಆದರೆ ಅದನ್ನು ಒಡೆದು ಕೆಲಸಕ್ಕೆ ಹಚ್ಚುವುದು ಕರುಳಿನೊಳಗಿನ ಬ್ಯಾಕ್ಟೀರಿಯ. ನಮ್ಮಂಥವರ ಹೊಟ್ಟೆಯಲ್ಲಿ ಆ ಬ್ಯಾಕ್ಟೀರಿಯಗಳ ಸಂಸಾರವೇ ಏರುಪೇರಾಗಿರ್ತದೆ. ಇಲಿಗಳಲ್ಲಿ ಸ್ವಲ್ಪ ಗುಣ ಕಂಡಿದೆ. ಮನುಷ್ಯರಿಗೆ ಎಷ್ಟು, ಯಾರಿಗೆ, ಇನ್ನೂ ಗೊತ್ತಿಲ್ಲ. ಮಾತ್ರೆಯ ಬದಲಿಗಂತೂ ಅಲ್ಲ."

"ಇಲಿಗೆ ಕೊಟ್ಟದ್ದನ್ನು ನನಗೆ ಕೊಟ್ಟದ್ದಾ?"

"ಇಲಿಗೆ ಇದಕ್ಕಿಂತ ಜಾಗ್ರತೆಯಲ್ಲಿ ಕೊಟ್ಟಿದ್ದೆ," ಎಂದ ಉನೈಸ್. ಹೇಳಿದ ಮೇಲೆ ಅವನ ತಲೆ ಇನ್ನಷ್ಟು ಬಗ್ಗಿತು.

"ಹಾಗಾದ್ರೆ ನನ್ನ ಕಣ್ಣೆದುರು ಒಂದು ನುಂಗಿ. ಮತ್ತೆ ನೋಡುವ."

ಉನೈಸ್ ಪದ್ಮಾಕ್ಷಿಯ ಅಂಗೈಯಿಂದ ಮಾತ್ರೆ ತೆಗೆದು, ಅವಳದೇ ಚೊಂಬಿನ ನೀರಿನಲ್ಲಿ ನುಂಗಿದ. ಮೂರು ಜೊತೆ ಕಣ್ಣು ಅವನ ಗಂಟಲು ಇಳಿದು ಏರುವುದನ್ನು ನೋಡಿದವು. ಮದುವೆಯಲ್ಲೂ ಅವನನ್ನು ಯಾರೂ ಅಷ್ಟು ಗಮನವಿಟ್ಟು ನೋಡಿರಲಿಲ್ಲ. ಮಾವ ಗಾಡಿ ತಿರುಗಿಸಲು ಅಂಗಳಕ್ಕೆ ಹೋದರು.

"ಏಳಿ ಈಗ," ಎಂದಳು ಪದ್ಮಾಕ್ಷಿ ಗಂಡನಿಗೆ. "ನಾನು ಹೇಳಿದ್ದು ಕೇಳಲಿಕ್ಕೆ ನಿಮಗೆ ಅವರ ಗಂಟಲು ಬೇಕಾಯ್ತು."

ಪಿಕಪ್ಪಿನ ಮುಂದೆ ಗಂಡ ಹೆಂಡತಿಗೆ ಜಾಗವಾಯಿತು. ಉನೈಸ್ ಹಿಂದೆ ಖಾಲಿ ಗೋಣಿಗಳ ಮೇಲೆ ಕುಳಿತ. ಗಾಡಿ ವೇಗ ಹಿಡಿದಂತೆ ಮೂಲೆಮೂಲೆಯ ಸಿಪ್ಪೆಗಳೆಲ್ಲ ಎದ್ದು ಅವನ ತಲೆ, ಗಡ್ಡ, ಇಸ್ತ್ರಿ ಮಾಡಿದ ಅಂಗಿಗೆ ಅಂಟಿಕೊಂಡವು. ಮೂಡುಬಿದಿರೆಯ ಬಸ್ ಸ್ಟ್ಯಾಂಡಿನ ಎದುರು ಗಾಡಿ ದಟ್ಟಣೆಯಲ್ಲಿ ಸಿಕ್ಕಿಬಿದ್ದಾಗ ಕಾಲೇಜಿನ ಹುಡುಗಿಯರ ಗುಂಪೊಂದು ನಿಂತಿತ್ತು. "ಅದು ಉನೈಸ್ ಸರ್ ಅಲ್ವಾ?" ಎಂದಿತು ಒಂದು ದನಿ. "ಛೆ, ಸರ್ ಯಾಕೆ ನೀರುಳ್ಳಿ ಗಾಡಿಯಲ್ಲಿ ಬರ್ತಾರೆ," ಎಂದಿತು ಇನ್ನೊಂದು. ಉನೈಸ್ ಎರಡನೆಯ ದನಿಗೆ ಕೃತಜ್ಞನಾಗಿ ಮುಖ ತಿರುಗಿಸಿಕೊಂಡ.

ಮಂಗಳೂರಿನ ಆಸ್ಪತ್ರೆಯಲ್ಲಿ ಜತ್ತಪ್ಪನಿಗೆ ರಕ್ತ ಕೊಟ್ಟರು. ಇನ್ನೂ ತಡವಾಗಿದ್ದರೆ ಕರುಳನ್ನೇ ಕತ್ತರಿಸಬೇಕಾಗುತ್ತಿತ್ತು ಎಂದರು ಡಾಕ್ಟರ್. ಸಿಪ್ಪೆಯ ಕಷಾಯ ಯಾರು ಹೇಳಿಕೊಟ್ಟದ್ದು ಎಂದು ಅವರು ಕೇಳಿದಾಗ ಪದ್ಮಾಕ್ಷಿ ಉನೈಸನನ್ನು ತೋರಿಸಲಿಲ್ಲ. ತೋರಿಸಿದ್ದರೆ ಚೆನ್ನಾಗಿತ್ತು ಎನಿಸಿತು ಅವನಿಗೆ.

ಹಿಂದಿರುಗುವಾಗ ಶುಕೂರರು ಮೂಡುಬಿದಿರೆಯ ಬಾಡಿಗೆ ಮನೆಯ ಮುಂದೆ ಗಾಡಿ ನಿಲ್ಲಿಸಿದರು. ಅಷ್ಟು ದಾರಿಗೆ ಅವರು ಆಡಿದ ಮಾತು ಇಷ್ಟೇ: "ಸಜ್ನಾಗೆ ನೀನು ಹೇಳ್ತೀಯಾ, ನಾನು ಹೇಳ್ಬೇಕಾ?" ಪುದಿಯಾಪ್ಳೆಗೆ ಸಲ್ಲುತ್ತಿದ್ದ ಬಹುವಚನ ದಾರಿಯಲ್ಲೆಲ್ಲೋ ಇಳಿದುಹೋಗಿತ್ತು.

"ನಾನೇ ಹೇಳ್ತೇನೆ ಮಾಮ."

ಸಜ್ನಾ ಅವನ ಕೂದಲಿನಿಂದ ಒಂದು ಸಿಪ್ಪೆ ತೆಗೆದು ನಗಲು ಹೊರಟವಳು, ಮಾತು ಮುಗಿಯುವಷ್ಟರಲ್ಲಿ ಆ ಸಿಪ್ಪೆಯನ್ನು ಪುಡಿಪುಡಿ ಮಾಡಿದ್ದಳು. ಅವಳು ಅಳಲಿಲ್ಲ.

"ಆ ಡಬ್ಬಿಯದ್ದು ವಿಟಮಿನ್ ಅಲ್ವಾ?"

"ಅಲ್ಲ."

"ಕೂದಲು ಉದುರ್ತದೆ ಅಂತ ನಾನೂ ನುಂಗಿದ್ದೇನೆ!"

ಏನೂ ಆಗುವುದಿಲ್ಲ, ಆದರೂ ನಾಳೆಯೇ ಡಾಕ್ಟರನ್ನು ಕೇಳುವ ಎಂದು ಉನೈಸ್ ತೊದಲಿದ.

"ನೀವು ರೋಗಿ ಅಂತ ನನಗೆ ಬೇಜಾರಿಲ್ಲ," ಎಂದಳು ಸಜ್ನಾ. "ನಾನು ನಿಮ್ಮ ಎದುರೇ ಡಬ್ಬಿ ಅಲ್ಲಾಡಿಸಿ ಕೇಳಿದೆ. ಆಗಲೂ ಹೇಳ್ಲಿಲ್ಲ. ಜತ್ತಪ್ಪಣ್ಣನಿಗೂ ಹೇಳ್ಲಿಲ್ಲ. ನಿಮಗೆ ಒಂದು ಬಾತ್‌ರೂಮಿನ ಮರ್ಯಾದೆ ನಮ್ಮೆಲ್ಲರಿಗಿಂತ ದೊಡ್ಡದಾಯ್ತಲ್ಲ." ಆಮೇಲೆ ಕೆಲವು ದಿನ ಅವಳು ಅವನೊಡನೆ ಊಟಕ್ಕೆ ಕೂರಲಿಲ್ಲ. ಮಸಾಲೆಯಿಲ್ಲದ ಸಾರು ಮಾತ್ರ ಮೇಜಿನ ಮೇಲೆ ಇರುತ್ತಿತ್ತು.

ಲಾಯಿಲದಲ್ಲೂ ಬಿರಿಯಾನಿಯ ಕಾಲ ಮುಗಿಯಿತು. ಸಫಿಯಮ್ಮ ಗಂಜಿ ಬಡಿಸಿ, ಮನೆ ತುಂಬ ನೆಂಟರಿರುವಾಗಲೇ, "ಇವತ್ತು ಹೇಗೆ ಹೋಯ್ತು? ನೀರಾ, ಗಟ್ಟಿಯಾ?" ಎಂದು ವಿಚಾರಿಸತೊಡಗಿದರು. ಉನೈಸ್ ಕಿವಿ ಕೆಂಪಾಗಿಸಿಕೊಂಡು ಉತ್ತರ ಕೊಡುತ್ತಿದ್ದ. ಒಮ್ಮೆ ಮುಚ್ಚಿಟ್ಟವನಿಗೆ ಈಗ ಮುಚ್ಚಿಕೊಳ್ಳುವ ಹಕ್ಕು ಉಳಿದಿರಲಿಲ್ಲ.

ಆದರೆ ಸಿಪ್ಪೆಯ ಕೀರ್ತಿ ಅಷ್ಟು ಬೇಗ ಸಾಯಲಿಲ್ಲ. ಶನಿವಾರ ಮಧ್ಯಾಹ್ನಗಳಲ್ಲಿ ಉನೈಸ್ ತಾನಾಗಿಯೇ ಮಾವನ ಅಂಗಡಿಯಲ್ಲಿ ಹೋಗಿ ಕೂರತೊಡಗಿದ. ಯಾರಾದರೂ ಪೊಟ್ಟಣ ಕೇಳಿದರೆ ಶುಕೂರರು ತಕ್ಕಡಿಯ ಹಿಂದಿನಿಂದ, ಮಾರುಕಟ್ಟೆಯ ಆ ತುದಿಗೂ ಕೇಳುವ ಹಾಗೆ ಕೂಗುತ್ತಿದ್ದರು: "ಏ, ಸಿಪ್ಪೆಯಲ್ಲಿ ಎಂಥದೂ ಇಲ್ಲ! ನಮ್ಮ ಅಳಿಯನಿಗೇ ಉಂಟು ಮಾರಾಯ ಆ ಕಾಯಿಲೆ! ಅವನು ನುಂಗುವುದು ಮಾತ್ರೆ! ಅಲ್ವಾ?"

"ಹೌದು," ಎನ್ನುತ್ತಿದ್ದ ಉನೈಸ್, ಗೋಣಿಗಳ ನಡುವಿನಿಂದ. ಪ್ರತಿ ಸಲವೂ ಮುಖ ಸುಡುತ್ತಿತ್ತು. ಅಭ್ಯಾಸವಾದೀತು ಎಂದು ಅವನು ಎಣಿಸಿದ್ದ. ಆಗಲಿಲ್ಲ.

ಒಂದು ಶನಿವಾರ, ಕೈಯಲ್ಲಿ ಹೆಲ್ಮೆಟ್ ಹಿಡಿದ ನಡುವಯಸ್ಸಿನವನೊಬ್ಬ ಬಂದು, ಭಾವನಿಗೆ ಬೇಕಿತ್ತು ಎಂದು ಸಿಪ್ಪೆ ಕೇಳಿದ. ಶುಕೂರರು ಎಂದಿನಂತೆ ಕೂಗಿದರು. ಉನೈಸ್ ಎಂದಿನಂತೆ ಹೌದು ಎಂದ. ಬಂದವನು ಹೊರಡಲಿಲ್ಲ. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ, ಹಣೆಯಲ್ಲಿ ಸಣ್ಣ ಬೆವರಿಟ್ಟುಕೊಂಡು, ಅಂಗಡಿಯ ಹಿಂಬದಿಗೆ ಕಣ್ಣಾಡಿಸಿದ.

ಉನೈಸ್ ಎದ್ದು ಮೊಳೆಯಲ್ಲಿದ್ದ ಬೀಗದ ಕೈ ತೆಗೆದುಕೊಂಡ.

"ಬನ್ನಿ, ಹಿಂದೆ ಉಂಟು," ಎಂದ ಮೆಲ್ಲಗೆ. "ಚಿಲಕ ಸರಿ ಇಲ್ಲ. ನಾನು ಹೊರಗೆ ನಿಲ್ತೇನೆ. ಬಂದ ಮೇಲೆ ನಿಮ್ಮ ಭಾವನ ಮಾತ್ರೆಯ ಸಂಗತಿ ಮಾತಾಡುವ."